ಸೇಂದಿ, ಸಾರಾಯಿ, ಗಾಂಜಾ: ಗಡಿ ತಾಲ್ಲೂಕುಗಳಲ್ಲಿ ನಿಷೇಧದ ಲೆಕ್ಕ

ಆಳಂದದಿಂದ ಪಡುವಣಕ್ಕೋ ಬಡಗಣಕ್ಕೋ ಹೊರಟರೆ ಮಹಾರಾಷ್ಟ್ರದ ಅಕ್ಕಲಕೋಟ, ಉಮರ್ಗಾ ಸೀಮೆ. ಅಲ್ಲಿ ‘ದೇಶಿ ದಾರು’ ಪರವಾನಗಿ ಪಡೆದ ಅಂಗಡಿಯಲ್ಲೇ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಮೂಡಣ ಗಡಿ ದಾಟಿ ತೆಲಂಗಾಣದ ತಾಂಡೂರು, ಜಹೀರಾಬಾದ ಕಡೆ ಹೋದರೆ ಈಚಲು ಮರದ ಕಳ್ಳು ಇಳಿಸುವುದೂ ಮಾರುವುದೂ ಕಾನೂನಿಗೆ ಒಪ್ಪಿಗೆಯೇ. ಇವೆರಡರ ನಡುವಿನ ನೆಲದಲ್ಲಿ ಎರಡೂ ಅಪರಾಧ. ಕಳ್ಳು, ಅಂದರೆ ಈ ಭಾಗದ ಸೇಂದಿ, 2004ರಲ್ಲಿ ನಿಂತಿತು. ಸಾರಾಯಿ 2007ರ ಜುಲೈ 1ರಿಂದ ನಿಂತಿತು. ಇದೇ ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮಾತ್ರ ತೆಂಗಿನ ಕಳ್ಳಿಗೆ ಅಡ್ಡಿಯಿಲ್ಲ. ಮಂಗಳೂರಿನಲ್ಲಿ ಕಸುಬು ಎನಿಸಿಕೊಂಡದ್ದು ಜೇವರ್ಗಿಯಲ್ಲಿ ಕೇಸು ಆಗುತ್ತದೆ.

ನಿಷೇಧ ಸರಿಯೋ ತಪ್ಪೋ ಎಂಬ ವಾದ ನಮ್ಮಲ್ಲಿ ಸಾಮಾನ್ಯವಾಗಿ ನೀತಿಯ ಮಾತಾಗಿ ಶುರುವಾಗಿ ಅಲ್ಲೇ ಮುಗಿದುಬಿಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಒಂದೊಂದು ಅಮಲನ್ನು ನಿಲ್ಲಿಸಿದಾಗಲೂ ಅದರ ಜಾಗಕ್ಕೆ ಬಂದದ್ದು ಏನು, ಅದರ ಬೆಲೆ ತೆತ್ತವರು ಯಾರು?

ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ನಿಷೇಧವಿರಲಿಲ್ಲ, ಅಬಕಾರಿ ಇತ್ತು. ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಸೇಂದಿ ಮತ್ತು ಇಪ್ಪೆ ಹೂವಿನ ಸಾರಾಯಿ ದೊಡ್ಡ ಆದಾಯ. ಮರಗಳಿಗೆ ತೆರಿಗೆ, ಮಾರಾಟಕ್ಕೆ ಹರಾಜು, ಹರಾಜು ಹಿಡಿದವನು ಗುತ್ತೇದಾರ. ಅಫಜಲಪುರದ ಮಾಲೀಕಯ್ಯ ಗುತ್ತೇದಾರ, ಆಳಂದದ ಸುಭಾಷ ಗುತ್ತೇದಾರ ಇಬ್ಬರೂ ಹಲವು ಸಲ ಶಾಸಕರಾದವರು. ಜಿಲ್ಲೆಯ ಈಡಿಗ ಮನೆತನಗಳಲ್ಲಿ ಈ ಅಡ್ಡಹೆಸರು ಎಷ್ಟು ಸಾಮಾನ್ಯವೆಂದರೆ ಗುತ್ತಿಗೆ ಪದ್ಧತಿ ಇಲ್ಲಿನ ಸಮಾಜದೊಳಕ್ಕೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಭೀಮೆಯ ಆಚೆ ದಂಡೆಯ ಇಂಡಿ, ಸಿಂದಗಿ ಮುಂಬಯಿ ಪ್ರಾಂತ್ಯದವು. 1949ರ ಬಾಂಬೆ ಪಾನನಿರೋಧ ಕಾಯ್ದೆ ಅಲ್ಲಿಗೆ ಬಂತು. ಈಚೆ ದಂಡೆಯ ಅಫಜಲಪುರ ಹೈದರಾಬಾದಿನದು. 1956ರಲ್ಲಿ ಎರಡೂ ದಂಡೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಹೊಳೆಯ ಒಂದು ದಡ ಒಣ, ಇನ್ನೊಂದು ದಡ ಹಸಿ. ನಿಷೇಧವೆಂದರೆ ಸಾಗಾಟವೂ ಜೊತೆಗೇ ಬರುತ್ತದೆ ಎಂಬ ಪಾಠವನ್ನು ಇಲ್ಲಿನವರಿಗೆ ಅರ್ಥಶಾಸ್ತ್ರಜ್ಞರು ಬಂದು ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಮೈಸೂರು ರಾಜ್ಯ 1961ರಲ್ಲಿ ತನ್ನದೇ ಪಾನನಿರೋಧ ಕಾಯ್ದೆ ಮಾಡಿತು. ದಶಕ ಮುಗಿಯುವುದರೊಳಗೆ ಅದನ್ನು ಬಿಟ್ಟುಕೊಟ್ಟು ಅಬಕಾರಿ ಕಾಯ್ದೆಗೆ ಮರಳಿತು.

ಅಬಕಾರಿ ಮರಳಿದ ಮೇಲಿನ ಸಾರಾಯಿ ಗುತ್ತಿಗೆಯ ದಶಕಗಳನ್ನು ಹೊಗಳುವಂತಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯದಲ್ಲಿ ಸಾರಾಯಿ ಕಾನೂನುಬದ್ಧವೇ ಆಗಿತ್ತು. ಪರವಾನಗಿ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಗುತ್ತೇದಾರನ ಮೇಲೆ ನಿಗಾ ಇಡಬೇಕಾದ ಅಧಿಕಾರಿ, ಅವನು ತರುವ ಹಣಕ್ಕೆ ಕಾಯುವ ಸರ್ಕಾರ, ಅವನ ದುಡ್ಡಿನಲ್ಲಿ ನಡೆಯುವ ಚುನಾವಣೆ ಇವು ಒಂದಾದಾಗ ಪರೀಕ್ಷೆ ಮಾಡುವವರೇ ಉಳಿಯುವುದಿಲ್ಲ.

ಸೇಂದಿಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಬೆಳಗಿನ ಹೊತ್ತು ಮರದಿಂದ ಇಳಿಸಿದ ಈಚಲ ಕಳ್ಳು ಬಿಯರಿಗೆ ಹತ್ತಿರದ ಪೇಯ, ಅಮಲು ಕಡಿಮೆ, ಮರುದಿನದ ತನಕ ಇಟ್ಟರೆ ಹುಳಿ. ಬೇಡಿಕೆ ಬೆಳೆಯಿತು, ಮರಗಳು ಕಡಿಮೆಯಾದವು. ನೀರಿಗೆ ಸ್ಯಾಕರಿನ್ ಹಾಕಿ, ಕ್ಲೋರಲ್ ಹೈಡ್ರೇಟ್ ಪುಡಿ ಕಲಸಿ, ಅದನ್ನೇ ಸೇಂದಿ ಎಂದು ಮಾರುವ ದಂಧೆ ಹುಟ್ಟಿತು. ರಾಯಚೂರು, ಯಾದಗಿರಿ, ಕಲಬುರಗಿಯ ಜನ ಇದನ್ನು ಸಿ.ಎಚ್. ಪೌಡರ್ ಎಂದೇ ಕರೆಯುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ನಿದ್ರೆಯ ಔಷಧಿಯಾಗಿ ಬಳಕೆಗೆ ಬಂದ ರಾಸಾಯನಿಕ ಅದು. ದಿನಾ ಕುಡಿದವನ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಹಠಾತ್ತನೆ ಬಿಟ್ಟರೆ ಕೈಕಾಲು ನಡುಕ, ಭ್ರಮೆ, ಫಿಟ್ಸ್.

ಈ ಪುಡಿ ನೆಪವಾಗಿ 2004ರಲ್ಲಿ ಸೇಂದಿಯೇ ಹೋಯಿತು. ಕಲಬೆರಕೆ ಮಾಡಿದವನನ್ನು ಹಿಡಿಯುವುದು ಕಷ್ಟ, ಮರ ಹತ್ತುವವನನ್ನು ನಿಲ್ಲಿಸುವುದು ಸುಲಭ. ವಿಚಿತ್ರವೆಂದರೆ ಹೋದದ್ದು ಮರದ ಕಳ್ಳು, ಉಳಿದದ್ದು ಪುಡಿ. ಮರ ಬಚ್ಚಿಡಲು ಆಗುವುದಿಲ್ಲ, ಪುಡಿಯ ಪೊಟ್ಟಣ ಜೇಬಿನಲ್ಲಿ ಹಿಡಿಯುತ್ತದೆ. ಸಿ.ಎಚ್. ಪೌಡರ್ ಜಪ್ತಿಯ ಸುದ್ದಿ ನಿಷೇಧದ ಎರಡು ದಶಕಗಳ ನಂತರವೂ ಕಲ್ಯಾಣ ಕರ್ನಾಟಕದ ಪತ್ರಿಕೆಗಳಿಂದ ಮಾಯವಾಗಿಲ್ಲ.

ಮರ ಹತ್ತುತ್ತಿದ್ದ ಈಡಿಗರಿಗೆ ಸರ್ಕಾರ ಬದಲಿ ಬದುಕು ಕೊಟ್ಟೆನೆಂದು ಹೇಳಿಕೊಂಡರೂ ಕೊಟ್ಟದ್ದು ಎದ್ದು ಕಾಣಲಿಲ್ಲ. ಚಿತ್ತಾಪುರ ತಾಲ್ಲೂಕಿನ ಕರದಾಳದ ಪ್ರಣವಾನಂದ ಸ್ವಾಮೀಜಿ ಕಳ್ಳು ಇಳಿಸಲು ಮತ್ತೆ ಅವಕಾಶ ಕೊಡಬೇಕೆಂಬುದನ್ನೂ ಬೇಡಿಕೆಗಳಲ್ಲಿ ಸೇರಿಸಿ 2023ರ ಆರಂಭದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಮಾಡಿದ್ದರು.

ನೆರೆಯ ತೆಲಂಗಾಣದಲ್ಲಿ ನಡೆದದ್ದು ನಮಗೆ ಎರಡು ಬಗೆಯ ಪಾಠ. 2015ರಲ್ಲಿ ಅಲ್ಲಿನ ಸರ್ಕಾರ ಕಲಬೆರಕೆ ಕಳ್ಳಿನ ಮೇಲೆ ಒಮ್ಮೆಲೇ ಮುಗಿಬಿತ್ತು. ಅಲ್ಪ್ರಾಜೋಲಾಂ, ಡಯಾಜಿಪಾಂ ಬೆರೆತ ಕಳ್ಳಿಗೆ ಒಗ್ಗಿದ್ದ ನೂರಾರು ಜನ ನಡುಗುತ್ತಾ, ಕನವರಿಸುತ್ತಾ ಆಸ್ಪತ್ರೆ ಸೇರಿದರು. ದಾಳಿಗೆ ಯೋಜನೆ ಇತ್ತು, ಚಿಕಿತ್ಸೆಗೆ ಇರಲಿಲ್ಲ. ಇನ್ನು 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದು ಜನ ಸತ್ತರು, ಅಲ್ಲಿ ಕಳ್ಳು ಕಾನೂನುಬದ್ಧವಾಗಿದ್ದರೂ. ಆದ್ದರಿಂದ ಸೇಂದಿಗೆ ಅನುಮತಿ ಕೊಡಿ ಎನ್ನುವುದಷ್ಟೇ ಸುಧಾರಣೆ ಆಗಲಾರದು. ಮರದಿಂದ ಅಂಗಡಿಯ ತನಕ ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆ ಇಲ್ಲದ ಪರವಾನಗಿ ಬರೀ ಕಾಗದ.

2007ರ ಸಾರಾಯಿ ನಿಷೇಧವನ್ನು ಬಡ ಹೆಂಗಸರ ಗೆಲುವೆಂದು ಸಾರಲಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಬಟ್ಟಿಗೆ 150ಕ್ಕೂ ಹೆಚ್ಚು ಮಂದಿ ಬಲಿಯಾದರು. ಉಳಿದೆಡೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, 90 ಮಿ.ಲೀ. ಪೊಟ್ಟಣದಲ್ಲಿ, ಕಿರಾಣಿ ಅಂಗಡಿಯ ಹಿಂಬಾಗಿಲಲ್ಲಿ. 2023–24ಕ್ಕೆ ರಾಜ್ಯ ಬಜೆಟ್ಟು ಅಬಕಾರಿಗೆ ಇಟ್ಟ ಗುರಿ 36,000 ಕೋಟಿ ರೂಪಾಯಿ. ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಗುರಿ. ಸುಂಕ ಏರಿಸಿ ಪೊಟ್ಟಣದ ಬೆಲೆ ಹೆಚ್ಚಿದಾಗಲೆಲ್ಲ ಕಳ್ಳಬಟ್ಟಿಗೆ, ಗಡಿಯಾಚೆಯ ದಾರುವಿಗೆ ಜೀವ ಬರುತ್ತದೆ. ದಾಳಿ ನಡೆಯುವುದು ಲಂಬಾಣಿಗರ ತಾಂಡಾಗಳ ಮೇಲೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲೇ ಹೋಯಿತಾದರೂ ಅವರನ್ನು ನೋಡುವ ಖಾಕಿಯ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ.

ಇಲ್ಲಿ ಹೆಂಗಸರ ಮಾತನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. ರಾಯಚೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹಾದಿಯಲ್ಲಿ ಒಬ್ಬರು ವಾಹನ ಬಡಿದು ತೀರಿಕೊಂಡರು. ಕೂಲಿ ದುಡ್ಡು ಮನೆ ಸೇರುವುದಿಲ್ಲ, ಸೇರಿದರೆ ಹೊಡೆತ ಜೊತೆಗೆ ಬರುತ್ತದೆ ಎಂಬ ಅವರ ದೂರಿಗೆ ಯಾವ ಸುಧಾರಣಾವಾದಿಯ ಬಳಿಯೂ ಸುಲಭದ ಉತ್ತರವಿಲ್ಲ. ನನಗೆ ತೋಚುವುದು ಇಷ್ಟು: ಅವರು ಕೇಳಿದ್ದರಲ್ಲಿ ದೊಡ್ಡ ಭಾಗ, ಅಂದರೆ ಹಳ್ಳಿಯೊಳಗಿನ ಅಕ್ರಮ ಅಂಗಡಿ ಮುಚ್ಚುವುದು, ಊರಿನಲ್ಲಿ ಅಂಗಡಿ ಬೇಕೋ ಬೇಡವೋ ಎಂಬ ತೀರ್ಮಾನ ಗ್ರಾಮಸಭೆಗೆ ಬಿಡುವುದು, ಇವಕ್ಕೆ ಪೂರ್ಣ ನಿಷೇಧ ಬೇಕಿಲ್ಲ. ಬಿಹಾರದಲ್ಲಿ 2016ರಿಂದ ಪೂರ್ಣ ನಿಷೇಧವಿದೆ. ನ್ಯಾಯಾಲಯಗಳು ಜಾಮೀನು ಅರ್ಜಿಗಳಲ್ಲಿ ಮುಳುಗಿದವು, 2022ರ ಡಿಸೆಂಬರಿನಲ್ಲಿ ಸಾರಣ ಜಿಲ್ಲೆ ತೋರಿಸಿದಂತೆ ಕಳ್ಳಬಟ್ಟಿಯ ಸಾವುಗಳೂ ನಿಲ್ಲಲಿಲ್ಲ.

ಗಾಂಜಾದ ಇತಿಹಾಸ ಬೇರೆ ದಾರಿ ಹಿಡಿದದ್ದು. ಸಾಧು ಸಂತರ ಚಿಲುಮೆ, ಕೆಲವು ಅವಧೂತ ಪರಂಪರೆಗಳ ಬಳಕೆ ಈ ಭಾಗಕ್ಕೆ ಹೊಸದಲ್ಲ. ಯಾದಗಿರಿಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅದು ಪ್ರಸಾದವೆಂಬುದನ್ನು 2020ರಲ್ಲಿ ರಾಷ್ಟ್ರೀಯ ಪತ್ರಿಕೆಗಳು ಅಚ್ಚರಿಯಿಂದ ಬರೆದವು. ಇಲ್ಲಿನವರಿಗೆ ಅಚ್ಚರಿಯಾದದ್ದು ಅವರ ಅಚ್ಚರಿ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ಗಣನೀಯ ಹಾನಿ ಕಾಣಲಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿ ಸಾಕು ಎಂದಿತು. ಬ್ರಿಟಿಷರಿಗೆ ಅದರಲ್ಲಿ ಕಂದಾಯದ ಆಸೆಯೂ ಇತ್ತೆನ್ನಿ. 1961ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 25 ವರ್ಷದ ಗಡುವು ಸಿಕ್ಕಿತು, ಎಲೆ ಮತ್ತು ಬೀಜ ವ್ಯಾಖ್ಯೆಯಿಂದ ಹೊರಗುಳಿದವು.

ಆ ಗಡುವು ಮುಗಿಯುವ ಮುನ್ನವೇ ಮಾದಕವಸ್ತು ನಿಯಂತ್ರಣಕ್ಕೆಂದು 1985ರ ಎನ್‌ಡಿಪಿಎಸ್ ಕಾಯ್ದೆ ಬಂತು. ಆಗಸ್ಟಿನಲ್ಲಿ ಮಸೂದೆ, ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳ ಅಂಕಿತ, ನವೆಂಬರ್ 14ರಿಂದ ಜಾರಿ. ಗಾಂಜಾಕ್ಕೂ ಹೆರಾಯಿನ್‌ಗೂ ಒಂದೇ ಕಾಯ್ದೆ. 1989ರ ತಿದ್ದುಪಡಿ ಜಾಮೀನನ್ನು ಬಿಗಿಗೊಳಿಸಿತು, ಕೆಲವು ಅಪರಾಧಗಳು ಮರುಕಳಿಸಿದರೆ ಮರಣದಂಡನೆಯನ್ನೂ ತಂದಿತು. 2001ರಲ್ಲಿ ಮಾತ್ರ ಶಿಕ್ಷೆಯನ್ನು ತೂಕಕ್ಕೆ ತಕ್ಕಂತೆ ಹಂಚಿದರು: ಗಾಂಜಾ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ.

ಈ ತೂಕದ ಲೆಕ್ಕ ತೊಗರಿ ಸೀಮೆಗೆ ಬಂದಾಗ ಹೇಗಾಗುತ್ತದೆ? ತೊಗರಿ ಸಾಲಿನ ನಡುವೆ, ಕಬ್ಬಿನ ಮರೆಯಲ್ಲಿ ಬೆಳೆದ ಗಿಡಗಳನ್ನು ಪೊಲೀಸರು ಕಿತ್ತಾಗ ಬೇರು, ಕಾಂಡ, ಎಲೆ, ಹಸಿ ತೇವ ಎಲ್ಲವೂ ತಕ್ಕಡಿ ಏರುತ್ತವೆ. ಕಾಯ್ದೆ ಗಾಂಜಾ ಎನ್ನುವುದು ಹೂ ಅಥವಾ ಕಾಯಿ ಬಿಟ್ಟ ತುದಿಯನ್ನು ಮಾತ್ರ. ಹಸಿ ಗಿಡವಾದರೆ 20 ಕೆ.ಜಿ. ತೂಗಲು ದೊಡ್ಡ ತೋಟ ಬೇಡ. ಜಾಮೀನಿನ ಕಠಿಣ ಷರತ್ತು ಬಿದ್ದರೆ, ಆ ತೂಕ ಸರಿಯೇ ಎಂದು ವಾದಿಸುವ ಹೊತ್ತಿಗೆ ಹೊಲ ಪಾಲಿಗೆ ಮಾಡಿದವನ ಒಂದೆರಡು ಹಂಗಾಮು ಹೋಗಿರುತ್ತದೆ. ಆಳಂದದಿಂದ ಕಲಬುರಗಿ ನ್ಯಾಯಾಲಯಕ್ಕೆ ಸುಮಾರು 40 ಕಿ.ಮೀ.; ಪ್ರತಿ ತಾರೀಖಿಗೂ ಮನೆಯವರ ಒಂದು ದಿನದ ಕೂಲಿ, ಬಸ್ ಚಾರ್ಜು, ವಕೀಲರ ಫೀಸು.

ಇದರರ್ಥ ದೊಡ್ಡ ದಂಧೆಯೇ ಇಲ್ಲ ಎಂದಲ್ಲ. 2020ರ ಸೆಪ್ಟೆಂಬರಿನಲ್ಲಿ ಇದೇ ಜಿಲ್ಲೆಯ ಕಾಳಗಿ ಭಾಗದ ಕುರಿ ಸಾಕಣೆ ಕೇಂದ್ರವೊಂದರಲ್ಲಿ ನೆಲದಡಿ ಬಚ್ಚಿಟ್ಟಿದ್ದ ಸುಮಾರು 1,350 ಕೆ.ಜಿ. ಗಾಂಜಾವನ್ನು ಬೆಂಗಳೂರು ಪೊಲೀಸರು ಹಿಡಿದರು. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರದ ಗಡಿ ದಾಟಿದ ಕಲಬುರಗಿ ಜಿಲ್ಲೆಯ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಆ ಹಲ್ಲೆಯನ್ನು ಮಾಡಿಸಿದ್ದು ಗಿಡದ ಅಮಲಲ್ಲ, ಅದಕ್ಕೆ ಕಾನೂನು ಕಟ್ಟಿಕೊಟ್ಟ ಬೆಲೆ. ಅಪಾಯಕ್ಕೆ ತಕ್ಕ ಲಾಭ ಇರುವ ತನಕ ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ.

ಬಳಕೆಯ ಚಿತ್ರವೂ ಗಾಂಜಾ ಕುರಿತ ಗದ್ದಲಕ್ಕೆ ಹೊಂದುವುದಿಲ್ಲ. ಏಮ್ಸ್ ತಂಡ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ 14.6, ಗಾಂಜಾ ಜಾತಿಯ ಪದಾರ್ಥ ಬಳಸುವವರು ಶೇ 2.8, ಅದರಲ್ಲೂ ಹೆಚ್ಚಿನವರದು ಭಂಗಿ, ಅಂದರೆ ಗಿಡದ ಎಲೆಯಿಂದ ಮಾಡಿದ್ದು. ಭಂಗಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ತೋರಿಸಿಲ್ಲವೆಂದು ಹೇಳಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಪ್ರಕರಣವೊಂದರ ಆರೋಪಿಗೆ ಜಾಮೀನು ಕೊಟ್ಟಿತು. ಅದೇ ಗಿಡದ ಎಲೆಗೆ ಜಾಮೀನು, ಹೂವಿಗೆ ಜೈಲು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಿಗಿತ ಸಡಿಲವಾದದ್ದು ಸಂಸತ್ತಿಗಿಂತ ನ್ಯಾಯಾಲಯಗಳಿಂದ. ಕಡ್ಡಾಯ ಮರಣದಂಡನೆಯನ್ನು 2011ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗದು ಎಂದು 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಿಚಾರಣೆ ವಿಪರೀತ ಎಳೆದರೆ ಜಾಮೀನಿಗೆ ಅದೇ ಕಾರಣವಾಗಬಹುದೆಂದು 2023ರಲ್ಲಿ ಮಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಒಪ್ಪಿತು. 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ವಿಶ್ವಸಂಸ್ಥೆಯ ನಿರ್ಣಯ 27–25ರಲ್ಲಿ ಗೆದ್ದಾಗ ಭಾರತ ಅದರ ಪರ ಮತ ಹಾಕಿತ್ತು. ನಮ್ಮ ಕಾಯ್ದೆಯಲ್ಲಿ ಅದರ ನೆರಳೂ ಬೀಳಲಿಲ್ಲ.

ಹೊರಗಿನ ಮಾದರಿಗಳಲ್ಲಿ ಪೋರ್ಚುಗಲ್ ಹೆಸರು ಮೊದಲು ಬರುತ್ತದೆ. 2001ರಿಂದ ಅಲ್ಲಿ ಸ್ವಂತ ಬಳಕೆಗೆ ಹತ್ತು ದಿನಕ್ಕಾಗುವಷ್ಟು ಇಟ್ಟುಕೊಂಡವರು ಜೈಲಿಗಲ್ಲ, ಸಮಿತಿಯ ಮುಂದೆ ಹೋಗುತ್ತಾರೆ. ಜೊತೆಗೆ ಚಿಕಿತ್ಸೆಯ ಜಾಲವನ್ನೂ ಕಟ್ಟಿದರು. ಅಮೆರಿಕದ ಒರೆಗಾನ್ ರಾಜ್ಯ 2020ರಲ್ಲಿ ಶಿಕ್ಷೆಯನ್ನು ತೆಗೆದು, ಚಿಕಿತ್ಸೆ ಕಟ್ಟಲು ತಡಮಾಡಿ, 2024ರಲ್ಲಿ ಹಿಂದೆ ಸರಿಯಿತು. ಎರಡರ ನಡುವಿನ ಅಂತರ ಆಸ್ಪತ್ರೆಯಲ್ಲಿದೆ.

ನಮ್ಮ ಕಾಯ್ದೆಯಲ್ಲೂ ಆಸ್ಪತ್ರೆಗೆ ಒಂದು ಬಾಗಿಲು ಇಟ್ಟಿದ್ದಾರೆ. 64ಎ ಕಲಂನಂತೆ ಅಲ್ಪ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಬಹುದು. 71ನೇ ಕಲಂ ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ದೆಹಲಿಯಲ್ಲಿ ಕಾಯ್ದೆ ತಿದ್ದುವ ತನಕ ಕಾಯದೆ ಮಾಡಬಹುದಾದ ಕೆಲಸ ಇದು: ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ವ್ಯಸನ ಚಿಕಿತ್ಸೆ, ಕ್ಲೋರಲ್ ಹೈಡ್ರೇಟ್ ಬಿಡಿಸುವಾಗ ಬೇಕಾದ ಔಷಧಿಯ ದಾಸ್ತಾನು, ಸಿಕ್ಕಿಬಿದ್ದವನಿಗೆ 64ಎ ಕಲಂ ಇದೆಯೆಂದು ಠಾಣೆಯಲ್ಲೇ ಕನ್ನಡದಲ್ಲಿ ಓದಿ ಹೇಳುವುದು. ಸೇಂದಿಯ ವಿಷಯ ರಾಜ್ಯದ್ದೇ; ಕರಾವಳಿಯ ಎರಡು ಜಿಲ್ಲೆಗಳಿಗೆ ಇರುವ ನಿಯಮವನ್ನು ಈಚಲು ಮರಕ್ಕೆ, ಮಾದರಿ ಪರೀಕ್ಷೆಯ ಷರತ್ತಿನೊಂದಿಗೆ, ಒಂದೆರಡು ತಾಲ್ಲೂಕಿನಲ್ಲಿ ಪ್ರಯೋಗಿಸಿ ನೋಡಲು ವಿಧಾನಸೌಧದ ಒಂದು ಆದೇಶ ಸಾಕು.