ಮಲಗಿದಾಗ ಸಿಗದ ಕಾಯಿಲೆ

ಕಸ್ಟಮರ್ ಹತ್ತಿರ ಬರೋ ಬಗ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಬರದಿದ್ರೆ ನಾವೇನು ಮಾಡ್ತೀವಿ? ‘ನನ್ನ ಮಷಿನ್‌ನಲ್ಲಿ ಸರಿಯಾಗೇ ಇದೆ’ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡ್ತೀವಿ. ವೈದ್ಯಕೀಯದಲ್ಲೂ ಇಂಥದ್ದೊಂದು ಟಿಕೆಟ್ ಇದೆ. ಅದು ಸರಿಯಾಗಿ ಬಗೆಹರಿಯೋಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅಮೆರಿಕದ ಅಂತರ್ಯುದ್ಧ, 1861ರಿಂದ 1865. ಫಿಲಡೆಲ್ಫಿಯಾದ ಸೈನಿಕ ಆಸ್ಪತ್ರೆಗೆ ಬರುತ್ತಿದ್ದ ಕೆಲವು ಹುಡುಗರ ಮೈಮೇಲೆ ಗುಂಡಿನ ಗಾಯ ಇರಲಿಲ್ಲ. ಆದರೂ ಸ್ವಲ್ಪ ಓಡಾಡಿದರೆ ಸಾಕು, ಎದೆ ಡವಡವ, ತಲೆಸುತ್ತು, ಏದುಸಿರು. ಎಷ್ಟೋ ಜನಕ್ಕೆ ಇದು ಶುರುವಾಗಿದ್ದು ಜ್ವರ, ಭೇದಿ ಆದಮೇಲೆ. ಜೇಕಬ್ ಮೆಂಡಿಸ್ ಡ ಕೋಸ್ಟಾ ಎಂಬ ವೈದ್ಯರು 300ಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿ 1871ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಾಯಿಲೆಗೆ ಇಟ್ಟ ಹೆಸರು ‘ಕೆರಳುವ ಹೃದಯ’. ಮಲಗಿದಾಗ ಒಂದು ಥರ, ಎದ್ದಾಗ ಇನ್ನೊಂದು ಥರ ನಾಡಿ ಬದಲಾಗೋದನ್ನೂ ಅವರು ಗಮನಿಸಿದ್ದರು. ವಿಶ್ರಾಂತಿ, ಡಿಜಿಟಾಲಿಸ್ ಕೊಟ್ಟರು. ಅಂದರೆ ತಪ್ಪು ಹೃದಯದ್ದೇ ಅಂತ ಲೆಕ್ಕ.

ಆದರೆ ನಾವು ಎದ್ದು ನಿಂತಾಗ ಒಳಗೆ ಆಗೋದೇನು? ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆ ಕಡೆಗೆ ಇಳಿಯುತ್ತೆ. ತಕ್ಷಣ ನರಗಳು ರಕ್ತನಾಳ ಬಿಗಿಸಿ, ಹೃದಯವನ್ನು ಒಂಚೂರು ಓಡಿಸಿ, ಮಿದುಳಿಗೆ ರಕ್ತ ತಪ್ಪದ ಹಾಗೆ ನೋಡಿಕೊಳ್ಳುತ್ವೆ. ನಮ್ಮ ಅಪ್ಪಣೆ ಕೇಳದೆ ನಡೆಯೋ ಈ ವ್ಯವಸ್ಥೆಯೇ ಸ್ವಾಯತ್ತ ನರಮಂಡಲ. ಕೇಂಬ್ರಿಡ್ಜ್‌ನ ಜಾನ್ ಲ್ಯಾಂಗ್ಲಿ ಅದಕ್ಕೆ ಆ ಹೆಸರು ಕೊಟ್ಟಿದ್ದು 1898ರಲ್ಲಿ. ಡ ಕೋಸ್ಟಾ ಬರೆಯೋವಾಗ ಆ ಪದವೇ ಇರಲಿಲ್ಲ! ನಮ್ಮೂರ ಶಾಲೇಲಿ ಧ್ವಜಾರೋಹಣಕ್ಕೆ ಬಿಸಿಲಲ್ಲಿ ನಿಂತು ಬಿದ್ದ ಮಕ್ಕಳಿಗೆ ‘ಪಿತ್ತ’ ಅನ್ನುತ್ತಿದ್ದರು. ಅದೂ ಇದೇ ವ್ಯವಸ್ಥೆ ಒಂದು ಗಳಿಗೆ ಕೈಕೊಟ್ಟಿದ್ದು.

ಮೊದಲ ಮಹಾಯುದ್ಧದಲ್ಲಿ ಇದೇ ಲಕ್ಷಣದ ಸೈನಿಕರು ಬ್ರಿಟನ್ನಿನಲ್ಲಿ ಸಾವಿರಗಟ್ಟಲೆ ಸಿಕ್ಕರು. ಥಾಮಸ್ ಲೂಯಿಸ್ ಇದನ್ನು ‘ಎಫರ್ಟ್ ಸಿಂಡ್ರೋಮ್’ ಎಂದು ಕರೆದು, ಹಾಸಿಗೆಯಿಂದ ಎಬ್ಬಿಸಿ ಹಂತಹಂತವಾಗಿ ಕವಾಯತು ಮಾಡಿಸಿದರು. ಒಳ್ಳೆಯ ದಾರಿಯೇ. ಆದರೆ 1941ರಲ್ಲಿ ಪಾಲ್ ವುಡ್ ಎಂಬ ಹೆಸರಾಂತ ಹೃದ್ರೋಗ ತಜ್ಞರು ಇದರ ಮೂಲ ಭಯ, ಮನಸ್ಸಿನದ್ದು ಅಂತ ವಾದಿಸಿದರು. ಟಿಕೆಟ್ ಕ್ಲೋಸ್.

ಅದು ಮತ್ತೆ ತೆರೆದದ್ದು ರೋಗಿಯನ್ನು ನಿಲ್ಲಿಸಿ ನೋಡಲು ಶುರುಮಾಡಿದಮೇಲೆ. 1986ರಲ್ಲಿ ಲಂಡನ್ನಿನ ವೈದ್ಯರು, ಕಾರಣ ತಿಳಿಯದೆ ಪ್ರಜ್ಞೆ ತಪ್ಪುವವರನ್ನು ಓರೆಯಾಗಿ ಎತ್ತುವ ಟಿಲ್ಟ್ ಟೇಬಲ್ ಮೇಲೆ ಪರೀಕ್ಷಿಸಿದರು. 1993ರಲ್ಲಿ ಮೇಯೋ ಕ್ಲಿನಿಕ್‌ನ ಶಾಂಡಾರ್ಫ್ ಮತ್ತು ಲೋ ‘ಪಾಟ್ಸ್’ ಕಾಯಿಲೆಯನ್ನು ವಿವರಿಸಿದರು. ಇವತ್ತಿನ ಲೆಕ್ಕ ಇಷ್ಟು: ನಿಂತ 10 ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಬಡಿತ ಏರಬೇಕು (ಹದಿಹರೆಯದವರಲ್ಲಿ 40), ಬಿಪಿ ಅಷ್ಟಾಗಿ ಇಳಿದಿರಬಾರದು, ತೊಂದರೆ ಮೂರು ತಿಂಗಳಾದರೂ ಇರಬೇಕು. ಡ ಕೋಸ್ಟಾರ ಸೈನಿಕರೆಲ್ಲರಿಗೂ ಇದೇ ಇತ್ತು ಅನ್ನೋಕಾಗಲ್ಲ, ಕೆಲವರಿಗಂತೂ ಹೊಂದುತ್ತೆ. ಕೋವಿಡ್ ನಂತರ ಇದೇ ತೊಂದರೆ ಹಲವರಲ್ಲಿ ಕಂಡಾಗ, ಜ್ವರದ ನಂತರ ಬಿದ್ದ ಆ ಸೈನಿಕರು ನನಗೆ ನೆನಪಾದರು.

ಒಂದೇ ಮಾತ್ರೆಯಲ್ಲಿ ವಾಸಿಯಾಗೋ ಕಾಯಿಲೆ ಅಲ್ಲ ಇದು. ಹೆಚ್ಚು ನೀರು, ವೈದ್ಯರು ಹೇಳಿದಷ್ಟು ಹೆಚ್ಚುವರಿ ಉಪ್ಪು (ಬಿಪಿ ಇರುವವರು ಸ್ವಂತಕ್ಕೆ ಮಾಡಬೇಡಿ), ಬಿಗಿ ಸ್ಟಾಕಿಂಗ್ಸ್, ಮಲಗಿ ಕೂತು ಶುರುಮಾಡುವ ವ್ಯಾಯಾಮ, ಬೇಕಿದ್ದರೆ ಪ್ರೊಪ್ರನೊಲಾಲ್ ಥರದ ಔಷಧಿ. ಲೂಯಿಸ್‌ರ ಹಂತಹಂತದ ಕವಾಯತು ಹೀಗೆ ಬೇರೆ ರೂಪದಲ್ಲಿ ವಾಪಸ್ ಬಂದಿದೆ.

ಈಗ ಇದರಿಂದ ನರಳುವವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಇಸಿಜಿ ತೆಗೆಯೋದು ಮಲಗಿಸಿ. ರಿಪೋರ್ಟ್ ನಾರ್ಮಲ್ ಬರುತ್ತೆ. ‘ಟೆನ್ಷನ್ ಬಿಡಮ್ಮ’ ಅಂತ ಕಳಿಸಿಬಿಡ್ತಾರೆ. ನಿಮ್ಮ ಮನೇಲೋ ಟೀಮ್‌ನಲ್ಲೋ ಹೀಗೆ ಹೇಳಿಸಿಕೊಂಡವರಿದ್ದರೆ, ಅವರು ಡಾಕ್ಟರ ಹತ್ತಿರ ಕೇಳಬಹುದಾದ ಮಾತು ಒಂದಿದೆ: ‘ನನ್ನ ನಾಡೀನ ನಿಲ್ಲಿಸಿ ಒಂದ್ಸಲ ನೋಡ್ತೀರಾ?’ ಅದಕ್ಕೆ ಬೇಕಾಗಿರೋದು ಒಂದು ಗಡಿಯಾರ, ಒಂದು ಬಿಪಿ ಮಷಿನ್, ಹತ್ತು ನಿಮಿಷ.