ಒಂದೇ ಪ್ಲೇಗು, ಎರಡು ಬಡಾವಣೆ

ಈ ವರ್ಷ ಸಂಕ್ರಾಂತಿಗೆ ಅಮ್ಮ ಬಸವನಗುಡಿಯಿಂದ ಎಳ್ಳುಬೆಲ್ಲದ ಡಬ್ಬಿ ಹಿಡಿದು ಮಾಟುಂಗಾಕ್ಕೆ ಬಂದಿದ್ದಳು. ಜನವರಿ 15ಕ್ಕೆ ಮುಂಬಯಿ ಮಹಾನಗರ ಪಾಲಿಕೆಯ ಚುನಾವಣೆ, ಆಫೀಸಿಗೆ ರಜೆ. ಬೆಳಿಗ್ಗೆ ಕಾಫಿ ಕುಡಿದು ಇಬ್ಬರೂ ಫೈವ್ ಗಾರ್ಡನ್ಸ್ ಕಡೆ ನಡೆದೆವು. ಅಗಲವಾದ ರಸ್ತೆ, ಎರಡೂ ಬದಿ ಹಳೆಯ ಮರಗಳು, ಮೂರು ಮಹಡಿಗಿಂತ ಎತ್ತರವಿಲ್ಲದ ಹಳೆಯ ಮನೆಗಳು, ನಡುನಡುವೆ ತೋಟ. ಅಮ್ಮ ನಿಂತು ಸುತ್ತ ನೋಡಿದಳು. "ಇದೇನೇ, ನಮ್ಮ ಗಾಂಧಿ ಬಜಾರಿನ ಹಿಂದಿನ ರಸ್ತೆಗಳ ಹಾಗೇ ಇದೆಯಲ್ಲ! ನಾನು ಮುಂಬಯಿ ಅಂದ್ರೆ ಬರೀ ಚಾಳು, ಕಟ್ಟಡ ಅಂದ್ಕೊಂಡಿದ್ದೆ" ಅಂದಳು.

ಮುಂದೆ ಒಂದು ಶಾಲೆಯ ಗೇಟಿನ ಹತ್ತಿರ ಮತ ಹಾಕಲು ಬಂದವರ ಸಾಲು ಇತ್ತು. "ನೀನು ಹಾಕಲ್ವೇನೇ?" ಅಂತ ಕೇಳಿದಳು. "ನನ್ನ ಹೆಸರು ಇನ್ನೂ ನಿಮ್ಮ ಮನೆ ವಿಳಾಸದಲ್ಲೇ ಇದೆ" ಅಂದೆ. ಮುಂಬಯಿಗೆ ಬಂದು ಆರು ವರ್ಷವಾಯಿತು. ಅಮ್ಮ ಏನೂ ಹೇಳಲಿಲ್ಲ. ಅವಳ ಎರಡು ಮಾತುಗಳೂ, ಬಸವನಗುಡಿಯ ಹೋಲಿಕೆ ಮತ್ತು ಮತದ ಪ್ರಶ್ನೆ, ಆಮೇಲೆ ನನ್ನನ್ನು ಹಳೆಯ ಚರಿತ್ರೆಯ ಬೆನ್ನು ಹತ್ತುವಂತೆ ಮಾಡಿದವು. ಓದುತ್ತ ಹೋದಂತೆ ಗೊತ್ತಾಯಿತು, ಎರಡಕ್ಕೂ ನಂಟಿದೆ.

ಮೊದಲು ಹೋಲಿಕೆಯ ವಿಚಾರ. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿ ಬಂದರಿನ ಪಕ್ಕದ ಮಾಂಡವಿಯಲ್ಲಿ ಜನ ಜ್ವರ ಬಂದು, ಗಡ್ಡೆ ಕಟ್ಟಿ ಸಾಯತೊಡಗಿದರು. ಅಲ್ಲಿ ವೈದ್ಯರಾಗಿದ್ದ ಗೋವೆಯ ಅಕಾಸಿಯೊ ಗೇಬ್ರಿಯಲ್ ವೀಗಾಸ್ ಇದು ಗಡ್ಡೆ ಪ್ಲೇಗು ಎಂದು ಗುರುತಿಸಿದರು. ವೀಗಾಸ್ ಬರೀ ವೈದ್ಯರಾಗಿರಲಿಲ್ಲ, ಪಾಲಿಕೆಯ ಸದಸ್ಯರೂ ಆಗಿದ್ದರು. ರೋಗಿಯ ಮಂಚದ ಬಳಿ ಕಂಡದ್ದನ್ನು ಪಾಲಿಕೆಯ ಸಭೆಯಲ್ಲಿ ಎದ್ದು ನಿಂತು ಹೇಳಬಲ್ಲವರಾಗಿದ್ದರು. ಪ್ಲೇಗು ಎಂದು ಬಾಯಿಬಿಟ್ಟು ಹೇಳಿದರೆ ಹಡಗು ನಿಲ್ಲುತ್ತದೆ, ವ್ಯಾಪಾರ ಕೆಡುತ್ತದೆ ಎಂದು ಹೆದರುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಮುಂದೆ 1906ರಲ್ಲಿ ಅವರೇ ಪಾಲಿಕೆಯ ಅಧ್ಯಕ್ಷರಾದರು. ಧೋಬಿ ತಲಾವಿನಲ್ಲಿ ಮೆಟ್ರೊ ಸಿನೆಮಾದ ಎದುರು ಅವರ ಪ್ರತಿಮೆ ಇದೆ. ಅದರ ಮುಂದೆ ನಾನು ಎಷ್ಟೋ ಸಲ ಬಸ್ಸಿಗೆ ಕಾದಿದ್ದೇನೆ, ಹೆಸರು ಓದಿರಲಿಲ್ಲ.

1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ ಎಂಟು ಲಕ್ಷ ದಾಟಿತ್ತು. ಪ್ಲೇಗು ಹಬ್ಬಿದ ಕೆಲವೇ ತಿಂಗಳಲ್ಲಿ ಅರ್ಧಕ್ಕರ್ಧ ಜನ ಊರು ಬಿಟ್ಟರು. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಕ್ರಮಕ್ಕೆ ರೊಚ್ಚಿಗೆದ್ದ ಗಿರಣಿ ಕೆಲಸಗಾರರು 1896ರ ಅಕ್ಟೋಬರ್‌ನಲ್ಲಿ ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. 1897ರಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಕೊರೋನಾ ಕಾಲದಲ್ಲಿ ನಮ್ಮನ್ನು ಮನೆಯೊಳಗೆ ಕೂರಿಸಿದ್ದೂ ಅದೇ ಕಾಯಿದೆಯೇ.

ಊರು ಬಿಟ್ಟವರು ರೈಲು ಹತ್ತಿದರು, ರೋಗವೂ ಹತ್ತಿತು. ಆಗ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಹುಬ್ಬಳ್ಳಿ ಕಡೆ ಕಾಣಿಸಿದ ಪ್ಲೇಗು 1898ರ ಆಗಸ್ಟ್‌ನಲ್ಲಿ ರೈಲಿನಲ್ಲೇ ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳು ಖಾಲಿಯಾದವು, ಊರಾಚೆ ಜನ ಗುಡಿಸಲು ಹಾಕಿಕೊಂಡರು. ಅದರ ಹಿಂದೆಯೇ ಮೈಸೂರು ಸರ್ಕಾರ ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಬೆಳೆಸಿತು. ನೇರವಾದ ರಸ್ತೆಗಳು, ಅಳತೆಯ ನಿವೇಶನಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲೆಂದು ಕಿರಿದಾದ ಗಲ್ಲಿ. ನಾವು ಚಿಕ್ಕವರಿದ್ದಾಗ ಕ್ರಿಕೆಟ್ ಚೆಂಡು ಹೋಗಿ ಬೀಳುತ್ತಿದ್ದ ಕನ್ಸರ್ವೆನ್ಸಿ ಗಲ್ಲಿ ಅದೇ. ಅಲ್ಲಿ ಯಾರು ನಡೆಯಲೆಂದು ಅದನ್ನು ಬಿಟ್ಟಿದ್ದರು ಎಂದು ನಾವು ಕೇಳಿಕೊಂಡವರೇ ಅಲ್ಲ.

ಅದೇ 1898ರಲ್ಲಿ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೆಯ ಊರಿನ ಗಿಜಿಗುಡುವ ಓಣಿಗಳನ್ನು ಸೀಳಿ ಅಗಲ ರಸ್ತೆ ಮಾಡಬೇಕು, ಸಮುದ್ರದ ಗಾಳಿ ಒಳಗೆ ಬರಬೇಕು, ಉತ್ತರದ ಗದ್ದೆಗಳ ಕಡೆ ಹೊಸ ಬಡಾವಣೆ ಕಟ್ಟಬೇಕು ಎಂಬುದು ಅದರ ಕೆಲಸ. ಇವತ್ತಿನ ಪ್ರಿನ್ಸೆಸ್ ಸ್ಟ್ರೀಟ್, ಹಿಂದೆ ಸ್ಯಾಂಡ್‌ಹರ್ಸ್ಟ್ ರಸ್ತೆಯಾಗಿದ್ದ ಸರ್ದಾರ್ ವಲ್ಲಭಭಾಯಿ ಪಟೇಲ್ ರಸ್ತೆ, ಸಿಡನ್‌ಹ್ಯಾಮ್ ರಸ್ತೆಯಾಗಿದ್ದ ಮೊಹಮ್ಮದ್ ಅಲಿ ರಸ್ತೆ ಎಲ್ಲ ಟ್ರಸ್ಟಿನ ಕೈಕೆಲಸ. ದಾದರ್, ಮಾಟುಂಗಾ, ಸಾಯನ್ ಬಡಾವಣೆಗಳ ನಕ್ಷೆಯೂ ಅದರದೇ. ಗದ್ದೆ, ತಗ್ಗು ತುಂಬಿಸಿ, ಚರಂಡಿ ಹಾಕಿ, ತೋಟಕ್ಕೆ ಜಾಗ ಬಿಟ್ಟು, ಮನೆ ಇಷ್ಟೇ ಎತ್ತರ ಇರಬೇಕೆಂದು ಕರಾರು ಮಾಡಿಸಿಕೊಂಡು ನಿವೇಶನ ಕೊಟ್ಟರು. ಅಂದರೆ ನಾನು ಹುಟ್ಟಿದ ಬಡಾವಣೆಗೂ ಈಗ ಬಾಡಿಗೆಗಿರುವ ಬಡಾವಣೆಗೂ ತಾಯಿ ಒಬ್ಬಳೇ, ಪ್ಲೇಗಮ್ಮ. ಅಮ್ಮನ ಕಣ್ಣು ತಪ್ಪಿರಲಿಲ್ಲ.

ಇಷ್ಟಕ್ಕೇ ಬಿಟ್ಟರೆ ಇದು ಒಳ್ಳೆಯ ಕಥೆ. ಆದರೆ ಹಳೆಯ ಓಣಿಗಳಲ್ಲಿದ್ದವರು ಎಲ್ಲಿಗೆ ಹೋದರು? ಟ್ರಸ್ಟ್ ಮೊದಲ ವರ್ಷಗಳಲ್ಲಿ ಕೆಡವಿದಷ್ಟು ಕೋಣೆಗಳನ್ನು ಕಟ್ಟಲಿಲ್ಲ. ಬಂದರು, ಗಿರಣಿಗಳ ಕೆಲಸಗಾರರು ಕೆಲಸದಿಂದ ದೂರ ಹೋಗಲಾರದೆ ಪಕ್ಕದ ಓಣಿಯ ಚಾಳಿಗೇ ನುಗ್ಗಿದರು. ಹತ್ತು ಜನ ಇದ್ದ ಕಡೆ ಹದಿನೈದು ಜನವಾದರು. ಮಾಟುಂಗಾದ ನಿವೇಶನ ಸಿಕ್ಕಿದ್ದು ರೈಲ್ವೆ, ಬ್ಯಾಂಕು, ಕೋಟೆ ಭಾಗದ ಕಚೇರಿಗಳ ಸಂಬಳದವರಿಗೆ, ಅಂದರೆ ಹೆಚ್ಚುಕಡಿಮೆ ನಮ್ಮಂಥವರಿಗೆ. ದಕ್ಷಿಣದಿಂದ ಬಂದವರು ಇಲ್ಲಿ ನೆಲೆ ನಿಂತದ್ದೂ ಹಾಗೆಯೇ. ಮೈಸೂರು ಅಸೋಸಿಯೇಷನ್, ಉಡುಪಿಯ ಊಟದ ಮನೆಗಳು, ಹೂವಿನ ಅಂಗಡಿಗಳು ಒಂದೊಂದಾಗಿ ಬಂದವು.

ಇಂಥ ಲೆಕ್ಕ ಯಾಕೆ ತಪ್ಪಿತು ಎಂದು ಹುಡುಕಿದಾಗ ನನಗೆ ಮತದ ಪ್ರಶ್ನೆ ಎದುರಾಯಿತು. ಟ್ರಸ್ಟಿನ ಮಂಡಳಿಯಲ್ಲಿ ಪಾಲಿಕೆ ಆರಿಸಿ ಕಳಿಸಿದವರು ಕೆಲವರೇ. ಉಳಿದವರು ಸರ್ಕಾರದ ಅಧಿಕಾರಿಗಳು, ಸರ್ಕಾರ ನೇಮಿಸಿದವರು, ವ್ಯಾಪಾರ ಸಂಸ್ಥೆಗಳ ಪ್ರತಿನಿಧಿಗಳು. ಪಾಲಿಕೆ ನಿಧಾನ, ಅಲ್ಲಿ ಬರೀ ಮಾತು, ಕೆಲಸ ಬೇಗ ಆಗಬೇಕಾದರೆ ತಜ್ಞರ ಕೈಗೆ ಕೊಡಿ ಎಂಬುದು ಆಗಿನ ವಾದ. ಕೊನೆಗೆ 1933ರಲ್ಲಿ ಟ್ರಸ್ಟನ್ನು ಪಾಲಿಕೆಯೊಳಗೇ ಸೇರಿಸಿದರು.

ಆ ವಾದ ಟ್ರಸ್ಟಿಗಿಂತ ಹಳೆಯದು. 1865ರ ಕಾಯಿದೆಯ ಪ್ರಕಾರ ಮುಂಬಯಿಗೆ ಮೊದಲ ಮುನಿಸಿಪಲ್ ಕಮಿಷನರ್ ಆಗಿ ಬಂದವನು ಆರ್ಥರ್ ಕ್ರಾಫರ್ಡ್. ನಾವು ಈಗಲೂ ಮಾವಿನಹಣ್ಣಿಗೆ ಹೋಗುವ ಕ್ರಾಫರ್ಡ್ ಮಾರ್ಕೆಟ್ ಅವನ ಕಾಲದ್ದು. ರಸ್ತೆ, ಚರಂಡಿ, ಮಾರುಕಟ್ಟೆ ಎಂದು ಭರದಿಂದ ಕೆಲಸ ಮಾಡಿಸಿದ. ಖರ್ಚಿಗೆ ಲಗಾಮು ಇರಲಿಲ್ಲ, ಕೇಳುವವರೂ ಇರಲಿಲ್ಲ. 1871ರ ಹೊತ್ತಿಗೆ ತೆರಿಗೆ ಕಟ್ಟುವವರು ದಂಗೆದ್ದರು. ಎಲ್ಲರೂ ಕ್ರಾಫರ್ಡನ ತಲೆ ಕೇಳುತ್ತಿದ್ದಾಗ ಇಂಗ್ಲೆಂಡಿನಿಂದ ಬಂದು ಮೂರೇ ವರ್ಷವಾಗಿದ್ದ ಫಿರೋಜ್‌ಶಾ ಮೆಹ್ತಾ ಎಂಬ ಇಪ್ಪತ್ತಾರರ ಬ್ಯಾರಿಸ್ಟರ್ ಬೇರೆ ಮಾತಾಡಿದ. ತಪ್ಪು ಒಬ್ಬ ಮನುಷ್ಯನದಲ್ಲ, ವ್ಯವಸ್ಥೆಯದು. ಕೆಲಸ ಮಾಡುವ ಅಧಿಕಾರಿ ಇರಲಿ, ಆದರೆ ಅವನಿಂದ ಲೆಕ್ಕ ಕೇಳಲು ಜನ ಆರಿಸಿದ ಸಭೆಯೂ ಇರಬೇಕು ಎಂಬುದು ಅವನ ವಾದದ ತಿರುಳು. ನೆರೆದವರಿಗೆ ಅದು ರುಚಿಸಲಿಲ್ಲ. ಆದರೆ 1872ರ ಕಾಯಿದೆ ಬಂದಾಗ 64 ಸದಸ್ಯರ ಪಾಲಿಕೆಯಲ್ಲಿ ಅರ್ಧ ಜನರನ್ನು ತೆರಿಗೆ ಕಟ್ಟುವವರು ಆರಿಸಿದರು. 1888ರ ಕಾಯಿದೆಯ ಹಿಂದೆಯೂ ಮೆಹ್ತಾ ಇದ್ದರು. ತಿದ್ದುಪಡಿಗಳೊಂದಿಗೆ ಮುಂಬಯಿ ಇಂದಿಗೂ ನಡೆಯುವುದು ಆ ಕಾಯಿದೆಯ ಮೇಲೆಯೇ. ಪಾಲಿಕೆಯ ಕಟ್ಟಡದ ಎದುರು ಅವರ ಪ್ರತಿಮೆ ನಿಂತದ್ದು ಸುಮ್ಮನೆ ಅಲ್ಲ.

ತೆರಿಗೆ ಕಟ್ಟುವವರು ಎಂದೆನಲ್ಲ, ಅಲ್ಲೇ ಇನ್ನೊಂದು ಕೊಂಡಿಯಿದೆ. ಬಾಡಿಗೆ ಕೊಟ್ಟು ಚಾಳಿನಲ್ಲಿ ಇರುವವನು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪ್ಲೇಗು ಬಂದಾಗ ಸತ್ತವರಲ್ಲಿ, ಟ್ರಸ್ಟ್ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರಿಗೆ ಪಾಲಿಕೆಯಲ್ಲಿ ಮತವೇ ಇರಲಿಲ್ಲ. 1922ರಲ್ಲಿ ತಿಂಗಳಿಗೆ ಹತ್ತು ರೂಪಾಯಿ ಬಾಡಿಗೆ ಕಟ್ಟುವವರಿಗೂ ಮತದ ಹಕ್ಕು ಬಂತು. ಆದರೆ ನಮ್ಮ ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನಲ್ಲೇ ಕೆಲಸ ಮಾಡಿ, ರಾತ್ರಿ ಅದೇ ಹೋಟೆಲಿನ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದ ಹುಡುಗರು? ಅವರಿಗೆ ಮನೆಯೂ ಇಲ್ಲ, ಬಾಡಿಗೆಯೂ ಇಲ್ಲ. ಹಗಲು ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಆ ಮಕ್ಕಳ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ. ಅವರು ಬೆಳೆದು ದೊಡ್ಡವರಾದರೂ ಊರಿನ ಲೆಕ್ಕದಲ್ಲಿ ಇರಲಿಲ್ಲ. ವಯಸ್ಸಿಗೆ ಬಂದ ಎಲ್ಲರಿಗೂ ಮತ ಎಂಬುದು ಮುಂಬಯಿ ಪಾಲಿಕೆಗೆ ಬಂದದ್ದು 1948ರಲ್ಲಿ.

ಮತ ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಇದೇ ಪಾಲಿಕೆ ಮರಾಠಿ, ಗುಜರಾತಿ, ಉರ್ದು, ತಮಿಳು, ತೆಲುಗು ಶಾಲೆಗಳ ಜೊತೆಗೆ ಕನ್ನಡ ಶಾಲೆಗಳನ್ನೂ ನಡೆಸಿತು. ಪರ ಊರಿನ ಸಭೆಯೊಂದು ತನ್ನ ಹಣದಲ್ಲಿ ನಮ್ಮ ಮಕ್ಕಳಿಗೆ ಅ ಆ ಇ ಈ ಕಲಿಸಿತು. ಅಲ್ಲಿ ಓದಿದ ಹಿರಿಯರು ಇವತ್ತಿಗೂ ನಮ್ಮ ನಡುವೆ ಇದ್ದಾರೆ. ಈಗ ಆ ಶಾಲೆಗಳಲ್ಲಿ ಮಕ್ಕಳು ಕಡಿಮೆ. ಅವು ಉಳಿಯಬೇಕೋ ಬೇಡವೋ ಎಂಬುದೂ ಪಾಲಿಕೆಯ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕಾದ ಪ್ರಶ್ನೆಯೇ. ನಾವು ಸಂಘಗಳ ವೇದಿಕೆಯಲ್ಲಿ ಕೇಳುತ್ತೇವೆ, ಕೇಳಬೇಕಾದ ಕಡೆ ಕೇಳುವುದಿಲ್ಲ.

ನಮ್ಮ ಕಾಲಕ್ಕೆ ಬಂದರೆ, 2022ರ ಮಾರ್ಚ್‌ನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿಯಿತು. ಈ ಜನವರಿಯವರೆಗೆ, ಸುಮಾರು ನಾಲ್ಕು ವರ್ಷ, ಒಬ್ಬ ನಗರಸೇವಕನೂ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ಊರು ನಡೆಯಿತು. ಬೆಂಗಳೂರಿನಲ್ಲಿ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಚುನಾವಣೆ ನಡೆಯದೆ ವರ್ಷಗಳು ಕಳೆದವು, 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ರಸ್ತೆ ಅಗೆಯುವುದೂ ಮುಚ್ಚುವುದೂ ನಡೆದೇ ಇತ್ತು. 1871ರಲ್ಲಿ ಮೆಹ್ತಾ ಎತ್ತಿದ ಪ್ರಶ್ನೆಯನ್ನು ಎರಡೂ ಊರುಗಳು ಮರೆತಂತಿದ್ದವು. ನಾನಂತೂ ಅದು ಗಮನಕ್ಕೇ ಬಾರದ ಹಾಗೆ ಇದ್ದೆ. ಚುನಾವಣೆ ನಿಂತು ಹೋದದ್ದು ನನಗೆ ತಿಳಿದದ್ದು ಅದು ಮತ್ತೆ ನಡೆದಾಗ.

ವೀಗಾಸ್ ಅವರ ಕಥೆ ಮತ್ತೆ ಮತ್ತೆ ನೆನಪಾಗುತ್ತದೆ. ಮಾಂಡವಿಯ ಮಹಡಿ ಹತ್ತಿ ರೋಗಿಯನ್ನು ನೋಡಿದವರೇ ಸಭೆಯಲ್ಲೂ ಕೂತಿದ್ದರು. ಓಣಿಯ ಸುದ್ದಿ ಸಭೆಗೆ ಮುಟ್ಟಲು ದಾರಿ ಇತ್ತು. ಟ್ರಸ್ಟಿನವರು ನಕ್ಷೆ ಚೆನ್ನಾಗಿ ಬರೆದರು, ಅದರ ನೆರಳಿನಲ್ಲೇ ನಾನು ಸಂಜೆ ವಾಕಿಂಗ್ ಹೋಗುತ್ತೇನೆ, ಋಣಿಯಾಗಿದ್ದೇನೆ. ಆದರೆ ಓಣಿಯ ಸುದ್ದಿ ಅವರಿಗೆ ಮುಟ್ಟುವ ದಾರಿ ಕಿರಿದಾಗಿತ್ತು. ನಕ್ಷೆಯಲ್ಲಿ ಮರಗಳಿಗೆ ಜಾಗ ಸಿಕ್ಕಿತು, ಚಾಳಿನವರಿಗೆ ಸಿಗಲಿಲ್ಲ.

ಅಮ್ಮ ಊರಿಗೆ ಹೊರಡುವ ದಿನ ಸ್ಟೇಷನ್ನಿನಲ್ಲಿ ಮತ್ತೆ ಕೇಳಿದಳು, "ಹೆಸರು ಇಲ್ಲಿಗೆ ಬದಲಾಯಿಸ್ಕೊಂಡ್ಯಾ?" ಇಲ್ಲ ಎಂದೆ. ಬದಲಾಯಿಸಿಕೊಂಡರೆ ಬಸವನಗುಡಿಯವಳಲ್ಲ ಎಂದಾಗುತ್ತದೆಯೇನೋ ಎಂಬ ಅಳುಕು ನನಗಿತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೂ ಅವಳಿಗೆ ಗೊತ್ತಾಯಿತು. "ಹೆಸರು ಎಲ್ಲಿದ್ರೂ ನೀನು ನಮ್ಮವಳೇ ಕಣೇ. ನಲ್ಲಿ ನೀರು ಕುಡಿಯೋದು ಇಲ್ಲಿ ತಾನೆ?" ಅಂದಳು. ರೈಲು ಹೊರಟಿತು. ಮನೆಗೆ ಬಂದು ಅರ್ಜಿ ತುಂಬಿಸಲು ಕೂತೆ. ವಿಳಾಸ ಎಂಬ ಕಡೆ ಮೊದಲ ಬಾರಿಗೆ ಮಾಟುಂಗಾ ಎಂದು ಬರೆದೆ.