ಕಟ್ಟುಮರ, ಸಣ್ಣ ಗಾಳಿ ಮತ್ತು ನನ್ನದೊಂದು ತಪ್ಪು

ಬಹಳ ದಿನಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ. ಈಗ ಬರೆಯಲೇಬೇಕಾಗಿ ಬಂದಿದೆ, ಯಾಕೆಂದರೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಹಿಂದೊಮ್ಮೆ ಇಲ್ಲೇ "ಕ್ಯಾಟಮರಾನ್ ನಮ್ಮವರು ಕಂಡುಹಿಡಿದದ್ದು" ಅಂತ ಎದೆ ಉಬ್ಬಿಸಿ ಬರೆದಿದ್ದೆ. ನಾನೋ ಅಜ್ಜಂಪುರದ ಕಡೆಯವನು. ನಮ್ಮದು ಬಯಲುಸೀಮೆ. ಕಡೂರಿನ ಹತ್ತಿರದ ಮದಗದ ಕೆರೆಯೇ ಚಿಕ್ಕಂದಿನಲ್ಲಿ ನಾನು ಕಂಡ ಸಮುದ್ರ. ಅಂಥವನು ಹಡಗಿನ ಬಗ್ಗೆ ಬರೆದರೆ ಹೀಗೇ ಆಗೋದು :)

ತಪ್ಪು ಗೊತ್ತಾದದ್ದು ಆನ್‌ಸೈಟಿಗೆ ಹೋದಾಗ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಕ್ಯಾಟಮರಾನ್ ಇತ್ತು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ಆಗಸ್ಟ್ ತಿಂಗಳು. ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು. ದೋಣಿ ನಿಂತೇಬಿಟ್ಟಿತು. ನಾನು ನನ್ನ ಹಳೆಯ ಡೈಲಾಗು ಬಿಟ್ಟೆ: "ಇದು ನಮ್ಮ ದೋಣಿ, ಹೆಸರೇ ನಮ್ಮದು." ಅವರು ನಕ್ಕು, "ಹೆಸರು ನಿಮ್ಮದು, ದೋಣಿ ನಿಮ್ಮದಲ್ಲ" ಅಂದರು. ವಾಪಸ್ ಬಂದವನೇ ಓದಲು ಕೂತೆ.

ಹೆಸರಿನ ಕತೆ ನಿಜ. ತಮಿಳಿನ ಕಟ್ಟುಮರಂ. ಕಟ್ಟು, ಮರ ಎರಡೂ ಕನ್ನಡದಲ್ಲೂ ಇರುವ ಮಾತುಗಳೇ. ಮೂರೋ ನಾಲ್ಕೋ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದರೆ ಕಟ್ಟುಮರ. ಅಂದರೆ ಅದು ತೆಪ್ಪದ ಜಾತಿ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಈ ಹೆಸರನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ. ಆದರೆ ಎರಡು ಉದ್ದ ಒಡಲುಗಳ ಮಧ್ಯೆ ಅಟ್ಟ ಕಟ್ಟಿದ ದೋಣಿ ಪೆಸಿಫಿಕ್ ದ್ವೀಪಗಳ ಪಾಲಿನೇಷಿಯನ್ ಜನರದ್ದು. ಅವರು ಸಾವಿರಾರು ಮೈಲಿ ಸಾಗರ ದಾಟಿ ದ್ವೀಪದಿಂದ ದ್ವೀಪಕ್ಕೆ ಹೋಗಿ ನೆಲೆಸಿದ್ದು ಇಂಥ ದೋಣಿಗಳಲ್ಲೇ. ನಮ್ಮ ಹೆಸರು ಅವರ ದೋಣಿಗೆ ಅಂಟಿಕೊಂಡಿತು, ಅಷ್ಟೇ.

ಯುರೋಪಿನವರಿಗೂ ಇದು ಸುಲಭಕ್ಕೆ ಒಗ್ಗಲಿಲ್ಲ. 1662ರಲ್ಲಿ ವಿಲಿಯಂ ಪೆಟ್ಟಿ ಎಂಬಾತ ಡಬ್ಲಿನ್‌ನಲ್ಲಿ ಎರಡೊಡಲ ಹಡಗು ಕಟ್ಟಿದ. ಆದರೆ ಅದು ಅಲ್ಲಿ ರೂಢಿಯಾಗಲಿಲ್ಲ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಷಾಫ್ 'ಅಮರಿಲ್ಲಿಸ್' ಎಂಬ ಕ್ಯಾಟಮರಾನ್ ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಸೋತವರು ತಕರಾರು ತೆಗೆದರು, ಅವನನ್ನು ಅನರ್ಹಗೊಳಿಸಲಾಯಿತು. 1955-56ರಲ್ಲಿ ಜೇಮ್ಸ್ ವಾರಮ್ ಇಬ್ಬರು ಗೆಳತಿಯರ ಜೊತೆ ಇಪ್ಪತ್ನಾಲ್ಕು ಅಡಿಗೂ ಕಮ್ಮಿ ಉದ್ದದ 'ತಂಗರೋವ'ದಲ್ಲಿ ಅಟ್ಲಾಂಟಿಕ್ ದಾಟಿ ಟ್ರಿನಿಡಾಡ್ ತಲುಪಿದ ಮೇಲೆ, ಇದು ಸಾಗರಕ್ಕೂ ಆಗುತ್ತದೆ ಅಂತ ಹಲವರಿಗೆ ನಂಬಿಕೆ ಬಂತು.

ಈಗ ಆ ಶನಿವಾರಕ್ಕೆ ಬರೋಣ. ದೋಣಿ ನಿಂತಿತ್ತಲ್ಲ? ಸಂಸಾರ ಹೂಡುವಂಥ ಕ್ಯಾಟಮರಾನಿನ ಕಷ್ಟವೇ ಇದು. ಫ್ರಿಜ್ಜು, ಬ್ಯಾಟರಿ, ನೀರಿನ ಟ್ಯಾಂಕು ಸೇರಿ ಮೈಭಾರ. ಕೂವೆಕಂಬದ ಹಿಂದೆ ದೊಡ್ಡ ಹಾಯಿ ಇರುತ್ತದೆ, ಆದರೆ ಮುಂದಿನ ಹಾಯಿ ಸಾಮಾನ್ಯವಾಗಿ ಚಿಕ್ಕದು. ಗಾಳಿ ಹತ್ತು ನಾಟಿಗಿಂತ (ಗಂಟೆಗೆ ಸುಮಾರು 18 ಕಿಲೋಮೀಟರ್) ಕೆಳಗಿಳಿದರೆ ಎಂಜಿನ್ ಕೀಲಿಗೆ ಕೈ ಹೋಗುತ್ತದೆ.

ಅವರು ಎಂಜಿನ್ ಹಚ್ಚಲಿಲ್ಲ. ದೋಣಿಯ ಮುಂಭಾಗದಲ್ಲಿ ಚಾಚಿಕೊಂಡಿದ್ದ ಕಂಬದ ತುದಿಗೆ ಇನ್ನೊಂದು ಹಾಯಿಯ ಸುರುಳಿ ಇತ್ತು. ಹಗ್ಗ ಎಳೆದದ್ದೇ ತಡ, ಹಗುರವಾದ ದೊಡ್ಡ ಬಟ್ಟೆಯೊಂದು ಬಿಚ್ಚಿಕೊಂಡಿತು. ಹೆಸರು ಕೋಡ್ ಝೀರೋ. ಇದಕ್ಕೂ ಒಂದು ಇತಿಹಾಸ ಇದೆ. ಹಿಂದಿನಿಂದ ಬರುವ ಗಾಳಿಗೆ ಉಬ್ಬುವ 'ಸ್ಪಿನೇಕರ್' ಹಾಯಿ 1860ರ ದಶಕದ್ದು. 1935ರಲ್ಲಿ ನೈಲಾನ್ ಹುಟ್ಟಿ, ಯುದ್ಧದಲ್ಲಿ ಪ್ಯಾರಾಚೂಟ್ ಆಗಿ, ಆಮೇಲೆ ಹಾಯಿಯೂ ಆಯಿತು. ಪಕ್ಕದ ಗಾಳಿಯಲ್ಲೂ ಕೆಲಸ ಮಾಡುವ ಹಗುರ ಹಾಯಿ ಬೇಕಾಗಿತ್ತು. 1997-98ರ ವಿಟ್‌ಬ್ರೆಡ್ ಭೂಪ್ರದಕ್ಷಿಣೆ ಪಂದ್ಯ ಗೆದ್ದ 'ಇಎಫ್ ಲ್ಯಾಂಗ್ವೇಜ್' ತಂಡ ಸ್ಪಿನೇಕರ್ ಎಂಬ ಲೆಕ್ಕದಲ್ಲಿ ಒಂದು ಚಪ್ಪಟೆ ಹಾಯಿ ತಂದು ಅದನ್ನು ಮುಂಹಾಯಿಯಂತೆ ಬಳಸಿತು. ನಿಯಮದ ಅಕ್ಷರ ಪಾಲಿಸಿ ಆಶಯ ಮುರಿಯುವುದು... ನಮ್ಮ ಪ್ರೋಗ್ರಾಮರುಗಳಿಗೆ ಇದು ಅರ್ಥವಾಗುತ್ತೆ! ಅದೇ ಮೆಲ್ಲಗೆ ಪ್ರವಾಸದ ದೋಣಿಗಳಿಗೂ ಬಂತು.

ಬಳಸುವ ಬಗೆ ಸ್ವಾರಸ್ಯವಾಗಿದೆ. ಗಾಳಿ ಇಲ್ಲದ ದಿನವೂ ಬೈಕ್ ಓಡಿಸಿದರೆ ಮುಖಕ್ಕೆ ಗಾಳಿ ಬಡಿಯುತ್ತದೆಯಲ್ಲ, ಅದೇ ತತ್ವ. ಮೊದಲು ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ಸ್ವಲ್ಪ ತಿರುಗಿಸಿ ವೇಗ ಹುಟ್ಟಿಸಬೇಕು. ಆ ವೇಗವೇ ಇನ್ನಷ್ಟು ಗಾಳಿ ತರುತ್ತದೆ. ಆಮೇಲೆ ನಿಧಾನಕ್ಕೆ ದಾರಿಗೆ ತಿರುಗಿಸುವುದು. ಚುಕ್ಕಾಣಿಯನ್ನು ಜಗ್ಗಾಡಿದರೆ ಎಲ್ಲ ಹಾಳು. ಒಂದು ಎಚ್ಚರವೂ ಬೇಕು. ಒಂದೇ ಒಡಲಿನ ದೋಣಿ ಗಾಳಿ ಹೆಚ್ಚಿದರೆ ವಾಲಿ ಎಚ್ಚರಿಸುತ್ತದೆ. ಕ್ಯಾಟಮರಾನ್ ಹೆಚ್ಚು ವಾಲುವುದೇ ಇಲ್ಲ, ಭಾರವೆಲ್ಲ ಸದ್ದಿಲ್ಲದೆ ಕಂಬಕ್ಕೂ ಹಗ್ಗಕ್ಕೂ ಬೀಳುತ್ತದೆ. ಹಾಗಾಗಿ ಗಾಳಿಮಾಪಕ ನೋಡುತ್ತಾ, ಬೇಕೆನಿಸುವ ಮೊದಲೇ ಹಾಯಿ ಸುತ್ತಿಬಿಡಬೇಕು. ಆ ದಿನ ನಾವು ಮನುಷ್ಯರು ನಡೆಯುವಷ್ಟೇ ವೇಗದಲ್ಲಿ, ಆದರೆ ಸದ್ದಿಲ್ಲದೆ ಹೋದೆವು.

ಅಲ್ಲಿ ಕೂತಾಗ ನೆನಪಾದದ್ದು ನಮ್ಮ ಕಣ. ರಾಗಿ ತೂರಲು ಅಜ್ಜ ಮೊರ ಹಿಡಿದು ಗಾಳಿಗೆ ಕಾಯುತ್ತಿದ್ದರು. ಸಂಜೆ ಸಣ್ಣಗೆ ಗಾಳಿ ಎದ್ದರೆ ಅದರ ದಿಕ್ಕು ನೋಡಿ ನಿಲ್ಲುವ ಜಾಗ ಬದಲಿಸುತ್ತಿದ್ದರು. ಜೋರು ಗಾಳಿ ಬಂದರೆ ಕೆಲಸ ನಿಲ್ಲಿಸುತ್ತಿದ್ದರು, ಹೊಟ್ಟಿನ ಜೊತೆ ಕಾಳೂ ಹಾರುತ್ತದೆ ಅಂತ. ಸಮುದ್ರ ಕಾಣದ ಅಜ್ಜನಿಗೂ ಸಣ್ಣ ಗಾಳಿಯ ವಿದ್ಯೆ ಗೊತ್ತಿತ್ತು.

ಸಮುದ್ರ ಕಂಡ ಕನ್ನಡಿಗರಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ನಮ್ಮ ಕರಾವಳಿಯ ಪತ್ತೆಮಾರಿಗಳಿಗೆ ಕೂವೆಗಳು ಮುಂದಕ್ಕೆ ಬಾಗಿರುತ್ತಿದ್ದವು, ಮುಕ್ಕೋನದ ದೊಡ್ಡ ಹಾಯಿಗಳು, ಮೂತಿಯಲ್ಲಿ ಪುಟ್ಟ ಮುಂಹಾಯಿ. ಮಳೆಗಾಲದಲ್ಲಿ ಕಡಲು ಬಂದ್. ಉಳಿದ ತಿಂಗಳುಗಳಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ತೆಳುಗಾಳಿ, ಮಧ್ಯಾಹ್ನ ಕಡಲಿಂದ ನೆಲಕ್ಕೆ ಬೀಸುವ ಗಾಳಿ. ಇವೆರಡನ್ನೇ ಹಿಡಿದು ದಡದ ಗುಂಟ ಊರಿಂದೂರಿಗೆ ಸಾಗುತ್ತಿದ್ದರು.

ನಮ್ಮ ಕಡೆಗೂ ಇದರ ನಂಟಿದೆ. ತರೀಕೆರೆಯಿಂದ ದಕ್ಷಿಣಕ್ಕೆ ನೋಡಿದರೆ ಕಾಣುವ ಬಾಬಾಬುಡನ್‌ಗಿರಿ ಸಾಲಿನ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗಿ, ಹಾಯಿಹಡಗು ಹತ್ತಿ, ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಪಯಣಿಸುತ್ತಿತ್ತು. ತೇವದ ಗಾಳಿಗೆ ಬೀಜ ಉಬ್ಬಿ, ಹಳದಿ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಆ ರುಚಿ ಹೋಯಿತು. ಗಿರಾಕಿಗಳು ಹಳೆಯದೇ ಬೇಕೆಂದರು. ಅದಕ್ಕೇ ಇವತ್ತಿಗೂ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಳಿಗೆ ಬೀಜ ಹರಡಿ 'ಮಾನ್ಸೂನ್ಡ್ ಮಲಬಾರ್' ಮಾಡುತ್ತಾರೆ. ಹಾಯಿ ಹೋದರೂ ಅದರ ನಿಧಾನವನ್ನು ಲೋಟದಲ್ಲಿ ಉಳಿಸಿಕೊಂಡಿದ್ದೇವೆ!

ಆದರೆ ಮಾತು ಉಳಿಸಿಕೊಂಡಿದ್ದೇವೆಯೇ? ಎಂಜಿನ್ ಬಂದ ಮೇಲೆ ಹಾಯಿ ಕಟ್ಟುವವರು ಹೋದರು, ಹಾಯಿಯ ಪದಗಳೂ ಜೊತೆಗೆ ಹೋಗುತ್ತಿವೆ. ಇದನ್ನು ಬರೆಯುವಾಗ ಹಾಯಿ, ಕೂವೆ, ಚುಕ್ಕಾಣಿ ಸಿಕ್ಕವು. 'ಮುಂಹಾಯಿ' ನಾನೇ ಹೊಸೆದದ್ದು. ನನ್ನ ಹಳೆಯ ಬರಹದ ನಿಜವಾದ ತಪ್ಪು ಇದೇ ಅನಿಸುತ್ತೆ. ನಮ್ಮದಲ್ಲದ ದೋಣಿಗೆ ಹಕ್ಕು ಸಾಧಿಸುತ್ತಾ, ನಮ್ಮದೇ ಆಗಿದ್ದ ಪತ್ತೆಮಾರಿಯನ್ನು ಮರೆತೇಬಿಟ್ಟಿದ್ದೆ.

ಹೊನ್ನಾವರ, ಕುಂದಾಪುರ, ಮಂಗಳೂರು, ಕಾಸರಗೋಡಿನ ಬ್ಲಾಗಿಗ ಗೆಳೆಯರೇ, ನಿಮ್ಮ ಅಜ್ಜಂದಿರು ಆ ಪುಟ್ಟ ಹಾಯಿಯನ್ನು ಏನಂತ ಕರೆಯುತ್ತಿದ್ದರು? ಬೆಳಗಿನ ತೆಳುಗಾಳಿಗೆ ಏನು ಹೆಸರಿತ್ತು? ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಹಳೆಯ ಪೋಸ್ಟನ್ನು ಅಳಿಸಿಲ್ಲ, ಕೆಳಗೆ ತಿದ್ದುಪಡಿ ಹಾಕಿದ್ದೇನೆ.